"ಬೆರಳು ಬಿದ್ದಿಲ್ಲ, ಇನ್ನೊಮ್ಮೆ ಒತ್ತು" ಅಂದ್ರೆ ಹುಷಾರ್

ಕಾರಟಗಿ, ಗಂಗಾವತಿ, ಸಿಂಧನೂರು ಕಡೆಯವರು, ಅದರಲ್ಲೂ ಮನೆಯ ಹಿರಿಯರನ್ನ ಹೆಬ್ಬೆಟ್ಟು ಒತ್ತಿ ದುಡ್ಡು ತರಲಿಕ್ಕೆ ಕಳಿಸೋರು ಇದನ್ನ ಪೂರ್ತಿ ಓದಿ.

ನಮ್ಮವ್ವ ಗೃಹಲಕ್ಷ್ಮಿಯ 2,000 ರೂಪಾಯಿ ತೆಗೆಸಲಿಕ್ಕೆ ಊರಲ್ಲೇ ಇರೋ ಏಜೆಂಟ್ ಹತ್ರ ಹೋಗಿದ್ದಳು. ಮೊಬೈಲಿಗೆ ವೈರು ಸಿಕ್ಕಿಸಿದ ಸಣ್ಣ ಸ್ಕ್ಯಾನರ್, ಅಷ್ಟೇ ಅವನ ಬ್ಯಾಂಕು. ಅವ್ವ ಒತ್ತಿದಳು. "ಬಿದ್ದಿಲ್ಲ ಯಮ್ಮಾ, ಸೀರಿಗೆ ಒರಿಸಿ ಇನ್ನೊಮ್ಮೆ ಒತ್ತು" ಅಂದ. ಒತ್ತಿದಳು. 2,000 ಎಣಿಸಿ ಕೊಟ್ಟ. ರಸೀದಿ ಕೇಳಿದ್ರೆ "ರೋಲ್ ಖಾಲಿ". ಆಮೇಲೆ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಅದೇ ತಾರೀಖಿಗೆ ಎರಡು ಸಾಲು: 2,000, ಅದರ ಕೆಳಗೇ 7,000.

ಅವ್ವನಿಗೆ ಅನುಮಾನ ಬರೋ ಹಾಗೇ ಇರಲಿಲ್ಲ. ಅವಳ ಬೆರಳು ನಿಜಕ್ಕೂ ಬೀಳಲ್ಲ. ವರ್ಷಗಟ್ಟಲೆ ಭತ್ತದ ಗದ್ದೆ ಕೆಸರಲ್ಲಿ ನಾಟಿ ಮಾಡಿ ಗೆರೆ ಸವೆದಿವೆ, ರೇಷನ್ ಅಂಗಡಿಯಲ್ಲೂ ಒಂದೊಂದೇ ಬೆರಳು ಬದಲಿಸಿ ಒತ್ತಬೇಕು. ಕೂಲಿಯವರ ಈ ಕಷ್ಟಾನೇ ಇಂಥವರ ಬಂಡವಾಳ.

ಎಇಪಿಎಸ್ ಅನ್ನೋ ಈ ಆಧಾರ್ ಪಾವತಿಗೆ ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಸಾಕು. ಒಟಿಪಿ ಇಲ್ಲ, ಪಿನ್ ಇಲ್ಲ. ಒತ್ತಿದವರು ಯಾರು ಅನ್ನೋದನ್ನ ಬೆರಳು ಹೇಳುತ್ತೆ, ಎಷ್ಟಕ್ಕೆ ಒತ್ತಿದರು ಅನ್ನೋದನ್ನ ಹೇಳಲ್ಲ. ಮೊತ್ತ ಹಾಕೋನು ಏಜೆಂಟ್, ಸ್ಕ್ರೀನ್ ಇರೋದೂ ಅವನ ಕಡೆಗೇ. "ಬ್ಯಾಲೆನ್ಸ್ ನೋಡ್ತೀನಿ" ಅಂದಾಗಲೂ ಬೇಕಾಗೋದು ಅದೇ ಹೆಬ್ಬೆಟ್ಟು. ಮೆಸೇಜ್ ಬರಬೇಕಿತ್ತಲ್ಲ ಅಂತೀರಾ? ಖಾತೆಗಿದ್ದದ್ದು ಯಾವಾಗಲೋ ಬಂದಾದ ಹಳೇ ಸಿಮ್.

ಬ್ಯಾಂಕಿನಲ್ಲಿ "ನಿಮ್ಮವ್ವನದೇ ಬೆರಳಲ್ವಾ, ನಾವೇನು ಮಾಡೋಣ" ಅಂತ ಕೈ ತೊಳಕೊಂಡರು. ಈ ಮಾತಿಗೆ ಸುಮ್ಮನೆ ವಾಪಸ್ ಬರಬೇಡಿ. ತಪ್ಪು ಗ್ರಾಹಕರದ್ದೇ ಅಂತ ಸಾಬೀತು ಮಾಡೋ ಹೊಣೆ ಬ್ಯಾಂಕಿನದು ಅಂತ ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲೇ ಹೇಳಿದೆ. ಗೊತ್ತಾದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೆ ಬರವಣಿಗೆಯಲ್ಲೇ ದೂರು ಕೊಟ್ಟು ಸೀಲ್ ಹಾಕಿಸಿಕೊಳ್ಳಿ, 3 ಕೆಲಸದ ದಿನದೊಳಗೆ ಕೊಟ್ಟರೆ ನಿಮ್ಮ ಕೈ ಮೇಲು. ಆಧಾರ್ ವೆಬ್‌ಸೈಟಿನಲ್ಲಿ ಅಥೆಂಟಿಕೇಷನ್ ಹಿಸ್ಟರಿ ತೆಗೆದರೆ ಬೆರಳು ಯಾವ ದಿನ, ಎಷ್ಟು ಗಂಟೆಗೆ ಬಳಕೆ ಆಗಿದೆ ಅಂತ ಸಿಗುತ್ತೆ. ಅದರ ಪ್ರಿಂಟನ್ನೂ ದೂರಿಗೆ ಲಗತ್ತಿಸಿ.

ಈಗ ಅವ್ವನ ಬಯೋಮೆಟ್ರಿಕ್, ಅಂದ್ರೆ ಆಧಾರಿನ ಬೆರಳಚ್ಚು, ಲಾಕ್ ಮಾಡಿಟ್ಟಿದೀನಿ. ಆಧಾರ್ ಆ್ಯಪಿನಲ್ಲೇ ಆಗುತ್ತೆ, ಆದರೆ ಆಧಾರಿಗೆ ಚಾಲ್ತಿ ಇರೋ ಮೊಬೈಲ್ ನಂಬರ್ ಜೋಡಿಸಿರಬೇಕು. ಒಂದು ತಾಪತ್ರಯ ಇದೆ: ಲಾಕ್ ಇದ್ದರೆ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ನಡೆಯಲ್ಲ. ಅಕ್ಕಿ ತರೋ ದಿನ ಸ್ವಲ್ಪ ಹೊತ್ತಿಗೆ ಅನ್‌ಲಾಕ್ ಮಾಡಬೇಕು. ಮನೆಯಲ್ಲಿ ಓದಿದೋರು ಇಲ್ಲದಿದ್ದರೆ ಇದು ಹೇಳಿದಷ್ಟು ಸಲೀಸಲ್ಲ, ಒಪ್ತೀನಿ.

ನಮ್ಮ ದೂರು ಇನ್ನೂ ಬ್ಯಾಂಕಿನಲ್ಲೇ ಇದೆ. ಏಜೆಂಟ್ "ಸರ್ವರ್ ಪ್ರಾಬ್ಲಂ" ಅಂತಿದಾನೆ. ಇದೇ ಥರ ದುಡ್ಡು ಹೋದೋರು ಪಾಸ್‌ಬುಕ್ ಎಂಟ್ರಿ ಮಾಡಿಸಿ ಮೆಸೇಜ್ ಹಾಕಿ, ಒಟ್ಟಿಗೇ ಹೋಗಿ ದೂರು ಕೊಡೋಣ.