ಸಾವಿರ ಲೀಟರಿನ ಒಮ್ಮೆ-ಬಳಕೆಯ ಬಯೋರಿಯಾಕ್ಟರ್ ಚೀಲ: ಆರು ವರ್ಷಗಳ ಬಳಕೆಯ ನಂತರ

ಬೆಂಗಳೂರಿನ ಹೊರವಲಯದಲ್ಲಿ ಜೈವಿಕ ಔಷಧ ತಯಾರಿಸುವ ಘಟಕವೊಂದರ ಉತ್ಪಾದನಾ ವಿಭಾಗ ನನ್ನ ಹೊಣೆ. ಮೊದಲು ಒಂಬತ್ತು ವರ್ಷ ಸ್ಟೀಲ್ ಟ್ಯಾಂಕಿನಲ್ಲಿಯೂ, ಈಗ ಆರು ವರ್ಷಗಳಿಂದ ಒಮ್ಮೆ ಬಳಸಿ ಎಸೆಯುವ ಚೀಲಗಳಲ್ಲಿಯೂ ಜೀವಕೋಶಗಳನ್ನು ಬೆಳೆಸಿರುವುದರಿಂದ, ಪರಿಸರದ ದೃಷ್ಟಿಯಿಂದ ಎರಡನ್ನೂ ಹೋಲಿಸುವ ಧೈರ್ಯ ಮಾಡುತ್ತಿದ್ದೇನೆ.

ಚೀಲದ ನಿಜವಾದ ಗುಣ ತಿಳಿಯುವುದು ನೀರಿನ ಲೆಕ್ಕದಲ್ಲಿ. ಸ್ಟೀಲ್ ಟ್ಯಾಂಕನ್ನು ಪ್ರತಿ ಬ್ಯಾಚಿನ ನಂತರ ಕಾಸ್ಟಿಕ್ ದ್ರಾವಣದಿಂದ, ಬಳಿಕ ಆಮ್ಲದಿಂದ, ಕೊನೆಗೆ ಇಂಜೆಕ್ಷನ್ ದರ್ಜೆಯ ಶುದ್ಧ ನೀರಿನಿಂದ ತೊಳೆದು, 121 ಡಿಗ್ರಿ ದಾಟಿದ ಉಗಿಯನ್ನು ಹಾಯಿಸಬೇಕು. ಆ ಶುದ್ಧ ನೀರನ್ನಾದರೂ ಬಟ್ಟಿ ಇಳಿಸಿ, ಸುಮಾರು 80 ಡಿಗ್ರಿ ಬಿಸಿಯಲ್ಲಿ ಹಗಲಿರುಳೂ ಕೊಳವೆಗಳಲ್ಲಿ ತಿರುಗಿಸುತ್ತಲೇ ಇರಬೇಕು. ಗಾಮಾ ವಿಕಿರಣದಿಂದ ಕ್ರಿಮಿಶುದ್ಧಗೊಂಡೇ ಬರುವ ಚೀಲಕ್ಕೆ ಇದಾವುದೂ ಬೇಕಿಲ್ಲ. 2024ರ ಬೇಸಿಗೆಯಲ್ಲಿ ನಗರವೆಲ್ಲ ಟ್ಯಾಂಕರ್ ನೀರಿಗಾಗಿ ಕಾದು ನಿಂತಿದ್ದಾಗ, ನಮ್ಮ ತೊಳೆಯುವ ವಿಭಾಗ ಬಹುಪಾಲು ಸುಮ್ಮನಿದ್ದದ್ದು ನನಗೆ ದೊಡ್ಡ ಸಮಾಧಾನ ತಂದಿತ್ತು.

ಆದರೆ ಬ್ಯಾಚ್ ಮುಗಿದ ದಿನ ಬಂದು ನೋಡಬೇಕು. ಜೀವಕೋಶಗಳನ್ನು ನಿಷ್ಕ್ರಿಯಗೊಳಿಸಿದ ಮೇಲೆ ಒಳಗೆ ಇನ್ನೂ ಜಿಗುಟು ಉಳಿದಿರುವ ಚೀಲವನ್ನು ಇಬ್ಬರು ಹಿಡಿದು ಮಡಚುತ್ತಾರೆ. ಅದರೊಂದಿಗೆ ಸಿಲಿಕೋನ್ ಕೊಳವೆಗಳು, ಪಾಲಿಕಾರ್ಬೊನೇಟ್ ಜೋಡಣೆಗಳು, ಫಿಲ್ಟರುಗಳು, ಕಲಕುವ ರೆಕ್ಕೆ ಎಲ್ಲವೂ ಹೊರಡುತ್ತವೆ. ಚೀಲದ ಹಾಳೆಯಲ್ಲಿಯೇ ಪಾಲಿಎಥಿಲೀನ್ ಪದರಗಳ ನಡುವೆ ಅನಿಲವನ್ನು ತಡೆಯುವ ಬೇರೆ ಪ್ಲಾಸ್ಟಿಕ್ಕಿನ ಪದರವನ್ನು ಬೆಸೆದಿರುತ್ತಾರೆ. ಚೀಲ ಗಟ್ಟಿಯಾಗಿರುವುದು ಆ ಬೆಸುಗೆಯಿಂದ, ಸಾಮಾನ್ಯ ಮರುಬಳಕೆಗೆ ಒಗ್ಗದಿರುವುದೂ ಅದರಿಂದಲೇ. ಹಲವು ವರ್ಷ ಎಲ್ಲವನ್ನೂ ಸುಡಲು ಕಳುಹಿಸಿದೆವು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬರೀ ವಿಲೇವಾರಿಗಿಂತ ಸಹಸಂಸ್ಕರಣೆಗೆ ಮೇಲಿನ ಸ್ಥಾನ ಕೊಟ್ಟಿರುವುದರಿಂದ, ಈಗ ಒಂದು ಪಾಲು ಸಿಮೆಂಟ್ ಗೂಡುಗಳಿಗೆ ಇಂಧನವಾಗಿ ಹೋಗುತ್ತದೆ. ಕಲ್ಲಿದ್ದಲು ಅಷ್ಟರ ಮಟ್ಟಿಗೆ ಉಳಿಯುತ್ತದೆ, ನಿಜ. ಆದರೂ ಎರಡು ವಾರ ದುಡಿದ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಗತಿ ಬೇಕೆಂದು ನನಗೆ ಅನ್ನಿಸುತ್ತದೆ.

ಒಂದು ಚೀಲ ಕೈಕೊಟ್ಟದ್ದನ್ನು ಮರೆಯಲಾರೆ. ಒತ್ತಡ ಪರೀಕ್ಷೆಯಲ್ಲಿ ಪಾಸಾಗಿತ್ತು, ಆರನೆಯ ದಿನ ಬೆಳಗ್ಗೆ ಕೆಳಗಿನ ಕೊಳವೆ ಸೇರುವ ಬೆಸುಗೆಯ ಬಳಿ ನಸುಗೆಂಪು ಹನಿ ಕಂಡಿತು. ಇಡೀ ಬ್ಯಾಚ್ ಚೆಲ್ಲಬೇಕಾಯಿತು. ಅದುವರೆಗೆ ಉಳಿಸಿದ ನೀರಿನ ಎಷ್ಟೋ ಭಾಗ, ಸುರಿದ ಪೋಷಕ ದ್ರವ, ವಿದ್ಯುತ್ತು ಎಲ್ಲವೂ ಒಂದು ಕೂದಲೆಳೆಯ ಸೀಳಿನಲ್ಲಿ ಹರಿದುಹೋದವು. ಹಾಗಾಗಿ ಚೀಲದ ಗುಣಮಟ್ಟವೂ ಪರಿಸರದ ಪ್ರಶ್ನೆಯೇ. 2021ರಲ್ಲಿ ಕೋವಿಡ್ ಲಸಿಕೆಗಳಿಗಾಗಿ ಜಗತ್ತೇ ಇಂಥ ಚೀಲಗಳಿಗೆ ಮುಗಿಬಿದ್ದಾಗ ನಾವೂ ತಿಂಗಳುಗಟ್ಟಲೆ ಕಾದೆವು. ಸ್ಟೀಲ್ ಟ್ಯಾಂಕ್ ಹಾಗೆ ಕಾಯಿಸುವುದಿಲ್ಲ.

ವರ್ಷದಲ್ಲಿ ಹಲವು ಬಗೆಯ ಔಷಧಗಳನ್ನು ಸಣ್ಣ ಬ್ಯಾಚುಗಳಲ್ಲಿ ತಯಾರಿಸುವವರಿಗೆ ನಾನು ಚೀಲವನ್ನೇ ಸೂಚಿಸುತ್ತೇನೆ. ಒಂದೇ ಔಷಧವನ್ನು ವರ್ಷವಿಡೀ ದೊಡ್ಡ ಪ್ರಮಾಣದಲ್ಲಿ ಮಾಡುವವರು ಸ್ಟೀಲಿನ ಲೆಕ್ಕವನ್ನು ಮತ್ತೊಮ್ಮೆ ಹಾಕಲಿ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಜೀವಕೋಶ ಮುಟ್ಟದ ಹೊರಕವಚಗಳನ್ನೂ ಫೋಮನ್ನೂ ಮಾರಾಟಗಾರರೇ ಹಿಂಪಡೆಯಬೇಕೆಂಬ ಷರತ್ತನ್ನು ಮುಂದಿನ ಖರೀದಿ ಒಪ್ಪಂದದಲ್ಲಿ ಸೇರಿಸಲು ಕೇಳಿದ್ದೇನೆ. ಉತ್ತರ ಬಂದಾಗ ಇಲ್ಲಿ ತಿಳಿಸುತ್ತೇನೆ.