ಕುದಿಸಿದ ನೀರಾ, ಆರ್‌ಒ ನೀರಾ?

ಪಾವಗಡದ ಕಡೆ ಹೊಸದಾಗಿ ಮನೆ ಮಾಡಿದ್ದೀರಿ, ಬೋರ್‌ವೆಲ್ ನೀರನ್ನು ಕುದಿಸಿ ಕುಡಿದರೆ ಸಾಲದಾ ಅಂತ ಕೇಳಿದ್ದೀರಿ. ನಿಮ್ಮ ಭಯ ಯಾವ ಕಾಯಿಲೆಯದು ಅನ್ನುವುದನ್ನು ಮೊದಲು ನೋಡಿ.

ಟೈಫಾಯ್ಡ್, ಕಾಲರಾ ಅಂಟುವ ಕಾಯಿಲೆಗಳು. ನೀರಿನಲ್ಲಿರುವ ಅವುಗಳ ರೋಗಾಣು ಚೆನ್ನಾಗಿ ಒಂದು ನಿಮಿಷ ಕುದಿಸಿದರೆ ಸಾಯುತ್ತದೆ. ಖರ್ಚು ಗ್ಯಾಸಿನದು ಮಾತ್ರ.

ಫ್ಲೋರೋಸಿಸ್ ಹಾಗಲ್ಲ. ಒಂದೇ ಬೋರಿನ ನೀರು ಕುಡಿದ ಮನೆಮಂದಿಗೆಲ್ಲ ಬರುವುದರಿಂದ ಅಂಟುರೋಗ ಅನ್ನಿಸಬಹುದು, ಆದರೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಬಂಡೆಯಿಂದ ನೀರಿಗೆ ಇಳಿದ ಫ್ಲೋರೈಡ್ ವರ್ಷಗಟ್ಟಲೆ ಮೈ ಸೇರಿ ಹಲ್ಲಿಗೆ ಕಲೆ ಹಿಡಿಸುತ್ತದೆ, ಕೀಲು ಬಿಗಿಸುತ್ತದೆ. ಆಮೇಲೆ ವಾಸಿ ಮಾಡುವ ಮಾತ್ರೆ ಇಲ್ಲ. ಕುದಿಸಿದರೆ ಅದು ಹೋಗುವುದೂ ಇಲ್ಲ. ನೀರು ಆವಿಯಾಗಿ ಫ್ಲೋರೈಡ್ ಪ್ರಮಾಣವೇ ಜಾಸ್ತಿಯಾಗುತ್ತದೆ! ಇಲ್ಲಿ ಆರ್‌ಒ ಬೇಕು, ಅಂದರೆ ನೀರನ್ನು ಒತ್ತಡದಲ್ಲಿ ತೆಳು ಪೊರೆಯ ಮೂಲಕ ಹಾಯಿಸಿ ಫ್ಲೋರೈಡ್ ಬೇರ್ಪಡಿಸುವ ಯಂತ್ರ. ಕರೆಂಟು ಬೇಕು, ಆ ಪೊರೆ (ಮೆಂಬ್ರೇನ್) ಬದಲಿಸಬೇಕು, ಒಂದಷ್ಟು ನೀರು ವ್ಯರ್ಥ, ನಿಜ.

ಮೊದಲು ನೀರನ್ನು ಪರೀಕ್ಷೆಗೆ ಕೊಡಿ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇದ್ದರೆ ಆರ್‌ಒ. ಅದು ಕಡಿಮೆಯಿದ್ದು ಉಳಿದದ್ದೂ ಸರಿಯಿದ್ದರೆ ಸುಮ್ನೆ ದುಡ್ಡು ಸುರಿಯಬೇಡಿ, ಕುದಿಸಿದರೆ ಸಾಕು. ಮಳೆನೀರು ಹಿಡಿದಿಟ್ಟಿದ್ದರೆ ಸೋಸಿ ಕುದಿಸಿ ಕುಡಿಯಿರಿ, ಅದರಲ್ಲಿ ಫ್ಲೋರೈಡ್ ಬಹಳ ಕಡಿಮೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಪರೀಕ್ಷೆ ಈ ವಾರವೇ ಆಗಲಿ. ಒಸಡಿನೊಳಗೆ ಹಲ್ಲು ಬೆಳೆಯುವಾಗಲೇ ಕಲೆ ಕೂರುವುದು.