ಜಿಂಜಾ ಟೆಂಪ್ಲೇಟ್: ಅಡಿಕೆ ಧಾರಣೆ ಪುಟಕ್ಕೆ ಬಳಸಿದ ಮೇಲೆ

ಶಿರಸಿಯ ಅಡಿಕೆ ಧಾರಣೆ ತೋರಿಸುವ ಪುಟವೊಂದನ್ನು ನೋಡಿಕೊಳ್ಳುತ್ತೇನೆ. ನನ್ನ ಕೈಗೆ ಬಂದಾಗ ಪಿಎಚ್‌ಪಿಯ ಒಂದೇ ಫೈಲಿನಲ್ಲಿ ಡೇಟಾಬೇಸ್ ಕೆಲಸ, ಸರಾಸರಿ ಲೆಕ್ಕ, ಟೇಬಲ್ಲಿನ ಬಣ್ಣ ಎಲ್ಲ ಕಲಸಿಹೋಗಿತ್ತು. ಡಿಸೈನ್ ಮಾಡುವವರು ಒಂದು ಸಾಲು ಅಲುಗಿಸಿದರೂ ಚಾಲಿ ಅಡಿಕೆಯ ದರ ರಾಶಿ ಅಡಿಕೆಯ ಕಾಲಮ್ಮಿಗೆ ಹೋಗಿ ಕೂರುತ್ತಿತ್ತು. ರೈತರು ಅದನ್ನೇ ನೋಡಿ ಮಾಲು ಹೊರಡಿಸುತ್ತಾರೆ, ಇದು ಸಣ್ಣ ವಿಷಯವಲ್ಲ.

ಈಗ ಪೈಥಾನಿನಲ್ಲಿ ವೆಬ್‌ಸೈಟ್ ಕಟ್ಟುವ ಫ್ಲಾಸ್ಕ್, ಅದರ ಜೊತೆ ಪುಟದ ಅಚ್ಚಿಗೆ (ಟೆಂಪ್ಲೇಟಿಗೆ) ಮಾಹಿತಿ ತುಂಬುವ ಜಿಂಜಾ. ಎರಡೂ ಆರ್ಮಿನ್ ರೋನಾಕರ್ ಅವರು ಶುರು ಮಾಡಿದವು. ಕನಿಷ್ಠ, ಗರಿಷ್ಠ, ಸರಾಸರಿ ಎಲ್ಲ ಪೈಥಾನಿನಲ್ಲೇ ಮುಗಿಯುತ್ತದೆ. ಟೆಂಪ್ಲೇಟಿಗೆ ಸಿಗುವುದು ಸಿದ್ಧ ಪಟ್ಟಿ. ಅಲ್ಲಿರುವುದು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆ ಬಗೆಗಳನ್ನು ಸಾಲಾಗಿ ಇಳಿಸುವ ಒಂದು ಲೂಪ್ ಅಷ್ಟೆ. ತಲೆಬರಹ, ಮೆನು ಮೂಲ ಟೆಂಪ್ಲೇಟಿನಲ್ಲಿ; ಉಳಿದ ಪುಟಗಳು ಅದನ್ನು ವಿಸ್ತರಿಸುತ್ತವೆ. ಡಿಸೈನಿನವರು ಈಗ ನನ್ನನ್ನು ಕೇಳದೆ ಪುಟ ಬದಲಿಸುತ್ತಾರೆ. ನನಗೆ ಅದೇ ದೊಡ್ಡ ಸಮಾಧಾನ.

ಓದುಗರು ಬರೆದುದರಲ್ಲಿ ಎಚ್‌ಟಿಎಂಎಲ್ ನುಸುಳಿದರೆ, ಫ್ಲಾಸ್ಕಿನ ಎಚ್‌ಟಿಎಂಎಲ್ ಟೆಂಪ್ಲೇಟುಗಳಲ್ಲಿ ಅದು ತಾನಾಗಿ ಬರೀ ಅಕ್ಷರವಾಗುತ್ತದೆ. ಜಿಂಜಾ ಒಂದನ್ನೇ ಬಳಸುವವರು ಈ ಸೌಲಭ್ಯವನ್ನು ತಾವೇ ಆನ್ ಮಾಡಬೇಕು, ಮರೆಯಬೇಡಿ.

ಕೊರತೆಯೂ ಇದೆ. ವೇರಿಯಬಲ್ ಹೆಸರು ತಪ್ಪಿದರೆ ಜಿಂಜಾ ದೂರುವುದಿಲ್ಲ, ಸುಮ್ಮನೆ ಖಾಲಿ ಬಿಡುತ್ತದೆ. ಬೆಟ್ಟೆಯ ಎದುರು ದರವೇ ಇಲ್ಲದಿದ್ದರೆ ಮಾರಾಟವಾಗಿಲ್ಲ ಎಂದೇ ಜನ ತಿಳಿಯುತ್ತಾರೆ. ಸ್ಟ್ರಿಕ್ಟ್‌ಅನ್‌ಡಿಫೈನ್ಡ್ ಎಂಬ ಜಿಂಜಾದ ಆಯ್ಕೆ ಹಾಕಿಕೊಳ್ಳಿ, ತಪ್ಪು ಕೂಡಲೇ ಎರರ್ ಆಗಿ ಎದ್ದು ಬರುತ್ತದೆ. ಇನ್ನು 1,00,000 ಎಂದು ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕುವ ಫಿಲ್ಟರ್ ಜಿಂಜಾದಲ್ಲಿಲ್ಲ. ಪೈಥಾನಿನಲ್ಲಿ ಬರೆದು ಸೇರಿಸಿಕೊಳ್ಳಬೇಕು.